ಪರದೆಯ ಹಿಂದಿನ ಕುರ್ಚಿ

ಅವರ ಎಡಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಹಿಮ್ಮಡಿ ಒಡೆದು ಕಪ್ಪಾಗಿತ್ತು. ಆ ಪಾದ ಅಮೆರಿಕದ ಮನ್ರೋ ಊರಿನ ಅವರ ಮನೆಯ ಬೇಸ್‌ಮೆಂಟಿನ ಮರದ ನೆಲಕ್ಕೆ ಬಿದ್ದರೆ ಮೇಲೆ ಅಡುಗೆಮನೆಯಲ್ಲಿ ಲೋಟಗಳು ಸದ್ದು ಮಾಡುತ್ತಿದ್ದವು. ಎಪ್ಪತ್ತರ ಹತ್ತಿರದ ಹೆಂಗಸು. ಎಲ್ಲರಿಗೂ ಅವರು ಟೀಚರ್.

ಮಗಳನ್ನು ಭರತನಾಟ್ಯದ ಕ್ಲಾಸಿಗೆ ಬಿಟ್ಟು ಕಾರಿನಲ್ಲಿ ಕಾಯುತ್ತಿದ್ದ ನನ್ನನ್ನು ಒಳಗೆ ಕರೆದವರು ಅವರೇ. "ಕಾರಿನ್ಯಾಗ ಕುಂತು ಏನ್ ಮಾಡ್ತೀಯವಾ? ಬಾ, ನೀನೂ ನಿಲ್ಲು." ನನಗಾಗಲೇ ನಲವತ್ತು ದಾಟಿತ್ತು. ಮಂಡಿನೋವು ಎಂದೆ. "ನಂದೂ ನೋಯತದ," ಎಂದು ತಾಳ ತಟ್ಟುವ ಕೋಲು ಕೈಗೆತ್ತಿಕೊಂಡರು.

ಕ್ಲಾಸು ನಡೆಯುವ ಆ ಬೇಸ್‌ಮೆಂಟಿನಲ್ಲಿ ನಟರಾಜನ ವಿಗ್ರಹದ ಎದುರು ಗೋಡೆಗೆ ಹತ್ತೊಂಬತ್ತನೆಯ ಶತಮಾನದ ಒಂದು ಫ್ರೆಂಚ್ ಮುದ್ರಣಚಿತ್ರವಿತ್ತು. ಅವರು ಅಮೆರಿಕಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಮ್ಯಾನ್‌ಹಟನ್ನಿನ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತಂತೆ. ಪ್ಯಾರಿಸಿನ ಕ್ಯಾಬರೆಯೊಂದರ ಪರದೆಯ ಹಿಂಬದಿ. ಕುಣಿದು ಬಂದವಳು ಕುರ್ಚಿಯಲ್ಲಿ ಕುಸಿದು, ಒಂದು ಬೂಟು ಕಳಚಿ ಪಾದ ಒತ್ತಿಕೊಳ್ಳುತ್ತಿದ್ದಾಳೆ. ಮುದುಕಿಯೊಬ್ಬಳು ಅವಳ ನೆರಿಗೆಯ ಲಂಗ ಎತ್ತಿ ಹಿಡಿದಿದ್ದಾಳೆ. ಪರದೆಯ ಸಂದಿಯಲ್ಲಿ ಗಂಡಸರ ಎತ್ತರದ ಟೋಪಿಗಳು.

ಒಂದು ಶನಿವಾರ, ರಂಗಪ್ರವೇಶಕ್ಕೆ ಸಿದ್ಧಳಾಗುತ್ತಿದ್ದ ಹುಡುಗಿಯೊಬ್ಬಳ ತಂದೆ ಎಲ್ಲರ ಮುಂದೆ ಮಾತು ತೆಗೆದರು. "ಟೀಚರ್, ತಪ್ಪು ತಿಳ್ಕೋಬೇಡಿ. ದೇವರಿರೋ ರೂಮಲ್ಲಿ ಕ್ಯಾಬರೆ ಚಿತ್ರ ಯಾಕೆ? ನಾವು ಪೇರೆಂಟ್ಸ್ ಡಿಸ್ಕಸ್ ಮಾಡಿದ್ವಿ. ತೆಗೆದುಬಿಟ್ರೆ ಒಳ್ಳೇದು."

"ತಗಿಯೂದಿಲ್ಲ ಸರ್." ದನಿ ಏರಲಿಲ್ಲ. ಚಿತ್ರದ ಹತ್ತಿರ ಹೋಗಿ ನಿಂತರು. "ನಮ್ಮವ್ವ ನಾಟಕ ಕಂಪನಿಯೊಳಗ ಪಾರ್ಟು ಮಾಡ್ತಿದ್ಲು. ಪರದೆ ಮುಂದ ರಾಣಿ. ಹಿಂದ ಬಂದು ಹಿಂಗ ಕಾಲು ಒತ್ತಿಕೊಂಡು ಕೂಡ್ತಿದ್ಲು. ಚಪ್ಪಾಳಿ ಹೊಡದ ಮಂದಿ ಯಾರೂ ಆಕೀನ ತಮ್ಮ ಮನಿಯೊಳಗ ಕರೀಲಿಲ್ಲ. ಆಕಿದೊಂದು ಫೋಟೋ ಸೈತ ನನ್ನ ಹತ್ರ ಇಲ್ಲ. ಇದ ನಮ್ಮವ್ವನ ಫೋಟೋ."

ಧಾರವಾಡ ಕಡೆಯ ದೊಡ್ಡ ಮನೆತನದವರು, ಡಾಕ್ಟರ ಹೆಂಡತಿ ಎಂದಷ್ಟೇ ನಾವು ಅವರನ್ನು ಬಲ್ಲೆವು. ಮೆಟ್ಟಿಲ ಮೇಲೆ ನಿಂತಿದ್ದ ಅವರ ಮಗಳಿಗೂ ಅಜ್ಜಿಯ ವಿಷಯ ತಿಳಿದದ್ದು ಅಂದೇ. ಎದುರಿಗೆ ನಿಂತವರ ಮುಖಗಳನ್ನು ಟೀಚರ್ ಒಂದೊಂದಾಗಿ ನೋಡಿದರು. ಕಣ್ಣು ತಗ್ಗಿಸಿದವರು ನಾವೇ.

ಆ ತಂದೆ ಮಗಳನ್ನು ಕರೆದುಕೊಂಡು ಹೋದರು. ರಂಗಪ್ರವೇಶ ನಿಂತುಹೋಯಿತು. ಬೇರೆ ಕೆಲವರೂ ಬಿಟ್ಟರು. ಮುಂದಿನ ವಾರ ಅರ್ಧ ಖಾಲಿ ಕೋಣೆಯಲ್ಲಿ ಕೋಲು ಎಂದಿನಷ್ಟೇ ಗಟ್ಟಿಯಾಗಿ ಬಿತ್ತು. ಕ್ಲಾಸು ಮುಗಿದ ಮೇಲೆ, ಬೇಜಾರಾಯಿತೇ ಎಂದು ಕೇಳಿದೆ.

"ಇಷ್ಟು ವರ್ಷ ಅವ್ವನ್ನ ಮುಚ್ಚಿಟ್ಟಿದ್ದೆನಲ್ಲ, ಆ ಬ್ಯಾಸರ ದೊಡ್ಡದಿತ್ತು. ಇವತ್ತ ಹಗುರ ಅದೀನಿ."

ಮರುವರ್ಷ, ರಂಗಪ್ರವೇಶ ನಿಂತಿದ್ದ ಆ ಹುಡುಗಿ, ಕಾರಿನ ಲೈಸೆನ್ಸ್ ಸಿಕ್ಕಿದ ವಾರವೇ, ಬಾಗಿಲಲ್ಲಿ ಬಂದು ನಿಂತಳು. "ಟೀಚರ್, ಐ ಡ್ರೋವ್ ಮೈಸೆಲ್ಫ್." ಅಪ್ಪ ಏನೆಂದರು ಎಂದು ಟೀಚರ್ ವಿಚಾರಿಸಲಿಲ್ಲ. "ಗೆಜ್ಜಿ ಕಟ್ಟಿಕೋ," ಎಂದರು.

ಕಳೆದ ವಸಂತದಲ್ಲಿ ಟೀಚರ್ ಹೋಗಿಬಿಟ್ಟರು. ಅಂತ್ಯಕ್ರಿಯೆಗೆ ದೇಹ ಸಿದ್ಧಗೊಳಿಸುವ ಫ್ಯೂನರಲ್ ಹೋಮಿನವರು ಅವರ ಮುಖಕ್ಕೆ ಗುಲಾಬಿ ಬಣ್ಣ ಹಚ್ಚಿ, ತುಟಿ ತಿದ್ದಿ ಮಲಗಿಸಿದ್ದರು. ಟೀಚರ ಮಗಳು ಒಂದು ಗಳಿಗೆ ನೋಡಿ ನನ್ನತ್ತ ತಿರುಗಿದಳು. "ಆಂಟಿ, ಎಷ್ಟೇ ಸುಸ್ತಾಗಿರಲಿ, ಅಮ್ಮ ಮೇಕಪ್ ತೆಗೀದೆ ಮಲಗಿದ್ದೇ ಇಲ್ಲ."

ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ ನಾನೇ ಒರೆಸಿದೆ. ಹಣೆ, ಕೆನ್ನೆ, ಕೊನೆಗೆ ತುಟಿ. ಬಣ್ಣದಡಿಯಿಂದ ನಮ್ಮ ಟೀಚರ ಮುಖ ನಿಧಾನವಾಗಿ ಹೊರಬಂತು. ನನ್ನಿಂದ ಅವರು ಪಡೆದ ಸೇವೆ ಅದೊಂದೇ.