ಅಯ್ಯನವರು ಹೇಳಿರಬಹುದು

ಅದು ೨೦೦೪ನೆಯ ಇಸವಿ. ನನಗೆ ಆಗ ನಲವತ್ತಾರು ವರ್ಷ. ಬಸವೇಶ್ವರನಗರದ ಒಂದು ಪ್ರೌಢಶಾಲೆಯಲ್ಲಿ ಬಹುಕಾಲ ಕನ್ನಡ ಪಾಠ ಹೇಳಿ, ಗಂಟಲು ಕೈಕೊಟ್ಟಿದ್ದರಿಂದ ಹಿಂದಿನ ವರ್ಷವಷ್ಟೇ ಕೆಲಸ ಬಿಟ್ಟಿದ್ದೆ. ವಿಜಯನಗರದ ಮನೆಯಲ್ಲಿ ಹಗಲೆಲ್ಲ ಸುಮ್ಮನೆ ಕುಳಿತಿರುವುದು ಅಭ್ಯಾಸವಿರಲಿಲ್ಲ. ಆದ್ದರಿಂದ ಹೊಸಹಳ್ಳಿಯಲ್ಲಿದ್ದ ನಮ್ಮ ಸಣ್ಣ ಕನ್ನಡ ಚರ್ಚಿನ ಕಮಿಟಿಗೆ ಕರೆದಾಗ ಒಪ್ಪಿಕೊಂಡೆ. ಮನುಷ್ಯನನ್ನು ಮೀಟಿಂಗುಗಳು ಎಷ್ಟು ದಣಿಸಬಲ್ಲವೆಂಬುದು ಆಗ ನನಗೆ ತಿಳಿದಿರಲಿಲ್ಲ.

ನನ್ನ ತಂಗಿ ಸುಂಕದಕಟ್ಟೆಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು; ಅವಳ ಗಂಡ ಕಾರ್ಖಾನೆಯೊಂದರಲ್ಲಿ ಟರ್ನರ್. ಹಿಂದಿನ ವರ್ಷ ಅವಳು ಗಂಡನನ್ನು ಬಿಟ್ಟು, ಕೆಂಗೇರಿಯಲ್ಲಿ ಬೇರೊಬ್ಬನೊಡನೆ ಕೆಲವು ತಿಂಗಳು ಸಂಸಾರ ಮಾಡಿದ್ದಳು. ಆಮೇಲೆ ತಾನಾಗಿಯೇ ಹಿಂದಿರುಗಿದಳು. ಇದನ್ನು ಮೃದುಗೊಳಿಸಿ ಹೇಳುವ ವಾಕ್ಯ ನನ್ನಲ್ಲಿಲ್ಲ. ಅವಳೂ ಅಂಥದನ್ನು ಬಯಸಲಿಲ್ಲ. ಹಿಂದಿರುಗಿದ ಸಂಜೆ ಬಾಗಿಲಲ್ಲೇ ನಿಂತು, ಮಾಡಿದ್ದನ್ನೆಲ್ಲ ಗಂಡನಿಗೆ ಹೇಳತೊಡಗಿದಳಂತೆ. ಆತ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಒಳಗ್ ಬಂದು ಹೇಳು, ಸೊಳ್ಳೆ ಬರ್ತವೆ” ಎಂದನಂತೆ. ಅಷ್ಟಕ್ಕೇ ಎಲ್ಲವೂ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಎಷ್ಟೋ ವಾರ ಆತ ಅವಳೊಡನೆ ಊಟಕ್ಕೆ ಕೂರಲಿಲ್ಲ. ಒಂದು ದಿನ ಕೂತ.

ಇನ್ನು ಉಳಿದದ್ದು ಚರ್ಚು. ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ಸಂಸ್ಕಾರ ನಡೆಯುತ್ತದೆ. ಜನ ಒಂದೊಂದು ಬೆಂಚಿನವರಾಗಿ ಎದ್ದು, ಮುಂದಿನ ಮರದ ಕಂಬಿಯ ಬಳಿ ಮೊಣಕಾಲೂರಿ, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಸ್ವೀಕರಿಸುತ್ತಾರೆ. ನಮ್ಮ ಪದ್ಧತಿಯಂತೆ ಪಾಪದಲ್ಲಿ ಬಿದ್ದವರು ಆರಾಧನೆಗೆ ಬರಬಹುದು, ಆದರೆ ಸಂಸ್ಕಾರಕ್ಕೆ ಏಳುವಂತಿಲ್ಲ. ತಂಗಿ ತಾನೇ ಹೋಗಿ ಸಭಾಪಾಲಕರ ಮುಂದೆ ತಪ್ಪೊಪ್ಪಿಕೊಂಡಳು. ಅವರು ಕಾಯಲು ಹೇಳಿದರು. ಅವಳು ಕೊನೆಯ ಬೆಂಚಿನಲ್ಲಿ ಕುಳಿತು ಕಾದಳು. ಗಂಡನಿಗೆ ಯಾವ ನಿರ್ಬಂಧವೂ ಇರಲಿಲ್ಲ. ಆದರೂ ಆತ ಅವಳ ಪಕ್ಕದಿಂದ ಏಳುತ್ತಿರಲಿಲ್ಲ. ಕೇಳಿದವರಿಗೆ, “ಮಂಡಿ ನೋವು ಸಾರ್, ಬಗ್ಗಕ್ಕಾಗಲ್ಲ” ಎನ್ನುತ್ತಿದ್ದ.

ಬಿದ್ದವರನ್ನು ಮರಳಿ ಸೇರಿಸಿಕೊಳ್ಳುವ ತೀರ್ಮಾನ ಕಮಿಟಿಯದು. ಅದನ್ನು ತಿಳಿಸುವ ಅಧಿಕಾರ ಮಾತ್ರ ಸಭಾಪಾಲಕರದು. ಅವರನ್ನು ನಾವು ಅಯ್ಯನವರು ಎನ್ನುತ್ತೇವೆ. ಅಯ್ಯನವರು ಮನೆಗೆ ಹೋಗಿ, ಕ್ಷಮೆಯ ಮಾತನ್ನು ಬಾಯಿಬಿಟ್ಟು ಹೇಳಿ, ಪ್ರಾರ್ಥಿಸಿ, ಕಾಫಿ ಕುಡಿದು ಬರಬೇಕು. ಅದಕ್ಕೆ ಮೊದಲು ಬೇರೆ ಯಾರೂ ಹೇಳಕೂಡದು. ಹೇಳಿಯಾದ ಮೇಲೆ ಯಾರೂ ಆ ಪ್ರಸ್ತಾಪವನ್ನೇ ಎತ್ತಕೂಡದು. ಎತ್ತಿದರೆ ಗಾಯ ಕೆರೆದಂತೆ. ಒಟ್ಟಿನಲ್ಲಿ ಎರಡೂ ಕಡೆ ಮೌನ, ನಡುವೆ ಒಬ್ಬ ಅಯ್ಯನವರು.

ಏಪ್ರಿಲ್ ತಿಂಗಳ ಮೀಟಿಂಗಿನಲ್ಲಿ ತಂಗಿಯ ವಿಷಯ ಬಂದಿತು. ಸಂಬಂಧಿಕರು ಹೊರಗೆ ಹೋಗಬೇಕೆಂಬ ನಿಯಮವಿತ್ತು; ಯಾರೂ ಹೇಳುವ ಮೊದಲೇ ನಾನು ಎದ್ದುಹೋಗಿ ಹೊರಗಿನ ಮೆಟ್ಟಿಲ ಮೇಲೆ, ಚಪ್ಪಲಿಗಳ ನಡುವೆ ಕುಳಿತೆ. ಒಳಗಿನವರು ಹೊರಬಂದಾಗ ನೀರಿನ ಟ್ಯಾಂಕ್ ಸೋರುವ ಬಗ್ಗೆ ಮಾತಾಡುತ್ತಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮುಂದಿನ ವಾರವೇ ಅಯ್ಯನವರಿಗೆ ಕೋಲಾರದ ಕಡೆಗೆ ವರ್ಗವಾಯಿತು. ಹಾರ ಹಾಕಿ, ಪುಲಾವ್ ತಿಂದು ಬೀಳ್ಕೊಟ್ಟೆವು. ಹೊಸದಾಗಿ ಬಂದವರು ಯುವಕರು. ಅವರ ಪ್ರಾರ್ಥನೆಯಲ್ಲಿ ಕರ್ತೃಪದ ಒಂದು ದಾರಿ ಹಿಡಿದರೆ ಕ್ರಿಯಾಪದ ಇನ್ನೊಂದು ದಾರಿ ಹಿಡಿಯುತ್ತಿತ್ತು. ಆದರೆ ಮನುಷ್ಯ ಒಳ್ಳೆಯವರು.

ಆಮೇಲೆ ಬಂದ ಪ್ರತಿ ಮೊದಲ ಭಾನುವಾರವೂ ಬೆಂಚುಗಳು ಖಾಲಿಯಾಗಿ ಮತ್ತೆ ತುಂಬಿದವು. ಕೊನೆಯ ಬೆಂಚಿನಲ್ಲಿ ಅವರಿಬ್ಬರೂ ಹಾಗೆಯೇ ಕುಳಿತಿದ್ದರು. ಮೊದಮೊದಲು ತಂಗಿ, “ಏನಾದ್ರೂ ಹೇಳಿದ್ರಾ ಅಣ್ಣ?” ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಅಕ್ಟೋಬರಿನಲ್ಲಿ ಒಮ್ಮೆ ನನ್ನ ಮನೆಗೆ ಬಂದವಳು, ತಲೆ ಎತ್ತದೆ ಹೇಳಿದಳು: “ಮನೇಲಿ ಪ್ರಾರ್ಥನೆ ಮಾಡುವಾಗ ದೇವ್ರು ಕ್ಷಮಿಸಿದಾನೆ ಅಂತ ನಂಬ್ತೀನಿ ಅಣ್ಣ. ಆ ಬೆಂಚಲ್ಲಿ ಕೂತ್ರೆ ನಂಬಕ್ಕಾಗಲ್ಲ. ಈ ವರ್ಷ ಮುಗೀಲಿ, ಆಮೇಲೆ ನಾನು ಬರಲ್ಲ.” ಚರ್ಚಿಗೆ ಬರದಿರುವುದೆಂದರೆ ಅವಳ ಪಾಲಿಗೆ ಏನೆಂದು ನನಗೆ ಗೊತ್ತಿತ್ತು. 

ನವೆಂಬರಿನ ಸಂಸ್ಕಾರದ ಆರಾಧನೆ ಮುಗಿಸಿ ನಾನು ಬಸ್ ನಿಲ್ದಾಣಕ್ಕೆ ಬಂದಿದ್ದೆ. ಮಹಿಳಾ ಕೂಟದ ಮುಖ್ಯಸ್ಥೆಯಾಗಿದ್ದ ಹಿರಿಯಾಕೆ ನನ್ನ ಹಿಂದೆಯೇ ಬಂದರು. ಅವರು ನಿವೃತ್ತ ನರ್ಸು, ಕಮಿಟಿಯಲ್ಲೂ ಇದ್ದರು. ಅವರ ನಾಲಿಗೆಗೆ ಎಲ್ಲರೂ ಹೆದರುತ್ತಿದ್ದೆವು.

“ಮೇಷ್ಟ್ರೇ, ನಿಮ್ ತಂಗಿದು ಇದೇನ್ರೀ ಹಠ?”

“ಹಠವೇ? ಅವಳು ಯಾವ ಹಠವನ್ನೂ ಮಾಡಿಲ್ಲವಲ್ಲ, ಅಮ್ಮ.”

“ರೇಡಿಯೋಲಿ ವಾರ್ತೆ ಓದ್ದಂಗೆ ಮಾತಾಡ್ಬೇಡಿ. ಸೇರಿಸ್ಕೊಂಡಾಗಿದೆ, ಕಂಬಿ ಹತ್ರ ಬರಕ್ಕೆ ಏನು ಧಾಡಿ? ಯೇಸುಸ್ವಾಮಿ ಮೇಲೇ ಕೋಪಾನಾ?”

“ಸೇರಿಸಿಕೊಂಡಾಗಿದೆಯೇ? ಯಾವಾಗ?”

ಅವರು ನನ್ನ ಮುಖವನ್ನೇ ದಿಟ್ಟಿಸಿದರು. “ಏಪ್ರಿಲ್ಲಲ್ಲಿ. ಒಬ್ರೂ ಬೇಡ ಅನ್ನಲಿಲ್ಲ. ಅಯ್ಯನವ್ರು ಬಂದು ಹೇಳಲಿಲ್ವಾ?”

“ಯಾರೂ ಬರಲಿಲ್ಲ.”

“ಹೇಳಿರಬಹುದು ಅಂತ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಅವರು ಹಾಗೆ ಮಾತು ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕಮಿಟಿಯ ಉಳಿದವರೂ ಹಾಗೆಯೇ ಅಂದುಕೊಂಡಿದ್ದರು. ಮರ್ಯಾದೆಗೆ ಅಂಜಿ ಒಬ್ಬರೂ ಅವಳ ಹತ್ತಿರ ಬಾಯಿಬಿಟ್ಟಿರಲಿಲ್ಲ.

ಆಗ ಸುಂಕದಕಟ್ಟೆಯ ಬಸ್ಸು ಬಂದಿತು. “ಹೊಸ ಅಯ್ಯನವರಿಗೆ ತಿಳಿಸೋಣ, ಅವರು ಹೇಳುವುದೇ ಪದ್ಧತಿ” ಎಂದೆ.

“ಪದ್ಧತಿಗೂ ಕೋಲಾರಕ್ಕೆ ವರ್ಗ ಆಯ್ತಲ್ರೀ! ಹತ್ತಿ ಬಸ್ಸು.”

ನಾವು ಹೋದಾಗ ತಂಗಿ ಒಂದು ರವಿಕೆಯ ಹೊಲಿಗೆ ಬಿಚ್ಚುತ್ತಿದ್ದಳು; ಅವಳ ಗಂಡ ಚಾಪೆಯ ಮೇಲೆ ಒರಗಿದ್ದ. ಹಿರಿಯಾಕೆ ನಿಂತಲ್ಲೇ ಹೇಳಿಬಿಟ್ಟರು: “ಏಪ್ರಿಲ್ಲಲ್ಲೇ ನಿನ್ನ ಸೇರಿಸ್ಕೊಂಡಿದೀವಿ ಕಣೇ. ನಿಂಗೆ ಯಾರೂ ಹೇಳಲೇ ಇಲ್ಲ. ತಪ್ಪಾಯ್ತು.”

“ಹಂಗಾದ್ರೆ ನನ್ ಮಂಡಿ ನೋವೂ ಆಗ್ಲೇ ವಾಸಿಯಾಗಿತ್ತು ಅನ್ನಿ” ಎಂದ ಅವಳ ಗಂಡ.

ತಂಗಿ ನಗಲಿಲ್ಲ. ಕತ್ತರಿಯನ್ನು ಕೆಳಗಿಟ್ಟಳು. “ಜೂನಲ್ಲಿ ಜ್ವರ ಬಂದು ಮಲಗಿದ್ನಲ್ಲ ಆಂಟಿ, ಸತ್ರೆ ಹಿಂಗೇ ಹೋಗ್ತೀನಲ್ಲಾ ಅಂತ ಹೆದರಿದ್ದೆ. ಅವಾಗ್ಲೂ ನೀವೆಲ್ಲ ನನ್ನ ಕ್ಷಮಿಸಿದ್ರಾ?”

ಹಿರಿಯಾಕೆ ಮೆಲ್ಲಗೆ ನೆಲದ ಮೇಲೆ ಕುಳಿತರು. “ಕ್ಷಮಿಸಿದ್ವಿ. ಈಗ ನೀನು ನಮ್ಮನ್ನ ಕ್ಷಮಿಸ್ಬೇಕು.”

“ಆಗಲ್ಲ ಆಂಟಿ, ಇವತ್ತು ಆಗಲ್ಲ. ನಂಗೆ ಸುಸ್ತಾಗಿದೆ.”

ಅವಳು ಕಾಫಿ ಮಾಡಿಕೊಟ್ಟಳು. ಕುಡಿದು ಹೊರಟೆವು.

ಆ ವಾರವೇ ಹೊಸ ಅಯ್ಯನವರು ಹೋಗಿ ಹೇಳಬೇಕಾದುದನ್ನು ಹೇಳಿ, ಪ್ರಾರ್ಥಿಸಿ ಬಂದರು. ಚರ್ಚಿನಲ್ಲಿ ಎಲ್ಲರ ಪರವಾಗಿ ಕ್ಷಮೆ ಕೇಳುತ್ತೇನೆ ಎಂದರಂತೆ, ಅವಳು ಬೇಡವೆಂದಳು. ಸಂಸ್ಕಾರಕ್ಕೆ ಬರುತ್ತೀಯಾ ಎಂದು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಲಿಲ್ಲ. ನನಗೂ ಕೊಡಲಿಲ್ಲ. ಬಹಳ ವರ್ಷ ನಾನು ಪಶ್ಚಾತ್ತಾಪವೆಂದರೆ ಬಿದ್ದವರ ಕೆಲಸ, ಕ್ಷಮೆಯೆಂದರೆ ನಿಂತವರ ಕೆಲಸ ಎಂದು ತಿಳಿದಿದ್ದೆ. ಆ ತಿಂಗಳು ನಾವೆಲ್ಲರೂ ಕಾಯುವವರಾದೆವು, ಅವಳು ಕಾಯಿಸುವವಳಾದಳು. ಆದರೂ ಅವಳ ಮುಖದಲ್ಲಿ ಗೆಲುವಿರಲಿಲ್ಲ; ದಣಿವಷ್ಟೇ ಇತ್ತು.

ಡಿಸೆಂಬರಿನ ಮೊದಲ ಭಾನುವಾರ ಅವಳು ಬಂದು ಕೊನೆಯ ಬೆಂಚಿನಲ್ಲೇ ಕುಳಿತಳು, ಪಕ್ಕದಲ್ಲಿ ಗಂಡ. ಸಂಸ್ಕಾರ ಆರಂಭವಾಯಿತು. ಎರಡನೆಯ ಬೆಂಚಿನವರು ಎದ್ದರು. ಅಲ್ಲಿ ಕೂರುವ ಹಿರಿಯಾಕೆ ಮಾತ್ರ ಕಂಬಿಯ ಕಡೆಗೆ ಹೋಗದೆ ಹಿಂದಕ್ಕೆ ನಡೆದುಬಂದು ತಂಗಿಯ ಪಕ್ಕದಲ್ಲಿ ಕುಳಿತರು. ನಾನು ಅವರ ಮುಂದಿನ ಬೆಂಚಿನಲ್ಲೇ ಇದ್ದೆ.

“ನಿಮ್ ಬೆಂಚು ಹೋಯ್ತಲ್ಲ ಆಂಟಿ” ಎಂದಳು ತಂಗಿ, ಪಿಸುಮಾತಿನಲ್ಲಿ.

“ನಿಂಗೆ ನನ್ ಮೇಲೆ ಬೇಜಾರಿರುವಾಗ ನಾನ್ ಹೆಂಗ್ ಹೋಗ್ಲಿ? ನೀನ್ ಕೂತಿರೋವರ್ಗೂ ನಾನೂ ಕೂತಿರ್ತೀನಿ. ನಂಗೇನು, ಪೆನ್ಷನ್ ಬರುತ್ತೆ.”

ನನ್ನ ಬೆಂಚಿನ ಸರದಿಯೂ ಬಂದಿತು. ಹೋಗಿ ಮೊಣಕಾಲೂರಿ ಹಿಂದಿರುಗಿದೆ. ಈಗ ಉಳಿದದ್ದು ಅವರ ಬೆಂಚೊಂದೇ. ಅಯ್ಯನವರು ಪಾತ್ರೆ ಹಿಡಿದು ಸುಮ್ಮನೆ ನಿಂತಿದ್ದರು. ಹಾಡುವವರು ಅದೇ ಚರಣವನ್ನು ಇನ್ನೊಮ್ಮೆ ಹಾಡಿದರು. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಆ ಮರ್ಯಾದೆ ನಮ್ಮವರಿಗೆ ಆಗಲೂ ಇತ್ತು.

“ಏಳಿ ಆಂಟಿ” ಎಂಬ ದನಿ ಕೇಳಿಸಿತು. “ಏಳಿ. ನನಗೇನೂ ಬೇಜಾರಿಲ್ಲ ಈಗ. ಹೋಗಣ.”

ಹಿರಿಯಾಕೆಯ ತೋಳು ಹಿಡಿದು ಎಬ್ಬಿಸಿ ಅವಳು ಮುಂದಕ್ಕೆ ನಡೆದಳು. ಗಂಡ ಹಿಂದೆ ನಡೆದ. ಮೂವರೂ ಕಂಬಿಯ ಬಳಿ ಮೊಣಕಾಲೂರಿದರು. ಅಂದು ೨೦೦೪ನೆಯ ಡಿಸೆಂಬರ್ ತಿಂಗಳ ಐದನೆಯ ತಾರೀಖು.