ಅವ್ವನ ಅಳತೆಯ ಅಡುಗೆಕಟ್ಟೆ

ಖರಾಡಿಯ ನಮ್ಮ ಫ್ಲ್ಯಾಟಿನ ಅಡುಗೆಮನೆ ಒಡೆಸಿ ಹೊಸದು ಮಾಡಿಸಿದ್ದೇ ಅವ್ವನಿಗಾಗಿ. ಮೊಣಕಾಲು ಕೈಕೊಟ್ಟ ಮೇಲೆ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿಯಲು ಅವಳಿಗೆ ಆಗುತ್ತಿರಲಿಲ್ಲ. ಕಟ್ಟೆಯ ಮೇಲೆ ಬಡಿಯೋಣವೆಂದರೆ ಅದು ಅವಳ ಎದೆಮಟ್ಟಕ್ಕೆ ಬರುತ್ತಿತ್ತು, ನಮ್ಮವ್ವ ಕುಳ್ಳಿ. ಧಾರವಾಡದಿಂದ ನನ್ನ ಬಳಿ ಬಂದಾಗಿನಿಂದ ಅಂಗಡಿಯ ಚಪಾತಿ ಮುರಿಯುತ್ತ, "ಕೈ ಸುಮ್ನ ಕುಂತಾವು ನೋಡು" ಎನ್ನುತ್ತಿದ್ದಳು. ಅವಳು ನಿಂತು ರೊಟ್ಟಿ ಬಡಿಯುವಷ್ಟು ತಗ್ಗಿನ ಕಟ್ಟೆ ಬೇಕಿತ್ತು, ಅಷ್ಟೇ.

ಅವಳನ್ನು ಗೋಡೆಗೆ ನಿಲ್ಲಿಸಿ, ಮೊಣಕೈಗಿಂತ ತುಸು ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಗ್ರಾನೈಟ್ ಮಿಸ್ತ್ರಿಗೆ ತೋರಿಸಿದ್ದೆ. ವಿಜಯಪುರ ಕಡೆಯವನು, ಈ ಮರಾಠಿ ಊರಲ್ಲಿ ಭಾಷೆಯ ತೊಂದರೆಯೂ ಇರಲಿಲ್ಲ. ಆಫೀಸಿನಿಂದ ಬಂದು ನೋಡಿದರೆ ಗೆರೆಯ ಮೇಲೆ ಟೈಲ್ಸ್ ಕೂತಿವೆ, ಕಟ್ಟೆ ಮತ್ತೆ ಅವ್ವನ ಎದೆಮಟ್ಟಕ್ಕೇ.

"ಎಲ್ಲಾರ ಮನ್ಯಾಗೂ ಇಷ್ಟ ಎತ್ತರ ಇರ್ತದ್ರಿ ಅಕ್ಕಾರ," ಅಂದ.

"ಎಲ್ಲಾರ ಮನಿ ಸುದ್ದಿ ನಿಮ್ಮನ್ನ ಯಾರು ಕೇಳಿದ್ರು?" ಅಂದೆ. ಮೈಯೆಲ್ಲ ಉರಿಯುತ್ತಿತ್ತು.

ಅವ್ವ, "ಇರ್ಲಿ ಬಿಡ, ಮಣಿ ಮ್ಯಾಲ ನಿಂತು ಬಡೀತೀನಿ" ಎಂದಳು. ಮೊಣಕಾಲು ಹೋದವಳು ಮಣೆ ಹತ್ತುತ್ತಾಳಂತೆ.

ಕಟ್ಟೆ ಇಳಿಸಬೇಕೆಂದರೆ ಸಿಂಕ್ ಬಿಚ್ಚಿ, ಕಲ್ಲು ಎತ್ತಿ, ಕೆಳಗಿನ ಆಧಾರಗಳನ್ನು ಕೊಯ್ಯಬೇಕು. ಎತ್ತುವಾಗ, ಸಿಂಕಿಗೆ ಕೊರೆದ ಜಾಗದ ಮುಂದೆ ಉಳಿದಿದ್ದ ಕಿರಿದಾದ ಕಲ್ಲಿನ ಪಟ್ಟಿ ಲಟಕ್ಕನೆ ಮುರಿಯಿತು. ಅಡಿಯಲ್ಲಿ ಉಕ್ಕಿನ ಪಟ್ಟಿ ಕೂರಿಸಿ, ಅಂಟು ಮೆತ್ತಿ, "ಗೊತ್ತಾಗಂಗಿಲ್ರಿ" ಎಂದು ಮಿಸ್ತ್ರಿ ತಿಪ್ಪೆ ಸಾರಿಸಿದ. ಬಾಗಿಲಲ್ಲಿ ನಿಂತರೂ ಆ ಬಿಳಿ ಗೆರೆ ಕಾಣುತ್ತಿತ್ತು. ತಗ್ಗಿಗೆ ಬಂದ ಸಿಂಕಿನ ನೀರು ಗೋಡೆಯ ಪೈಪಿಗೆ ಹತ್ತದೆ ನಿಂತಿತು. ಗೋಡೆ ಮತ್ತೆ ಒಡೆಸಿದೆ. ಅಷ್ಟು ದಿನವೂ ಬಚ್ಚಲಲ್ಲಿ ಕೂತು ಪಾತ್ರೆ ತಿಕ್ಕುತ್ತ ಅವನಿಗಾಗಿ ಬೈಗುಳ ಕೂಡಿಸಿಟ್ಟೆ. ಕೆಲಸ ಮುಗಿಯುವವರೆಗೆ ಬಾಯಿ ಬಿಡುವಂತಿರಲಿಲ್ಲ, ನಡುವೆ ಬಿಟ್ಟು ಹೋದರೆ ಗತಿಯೇನು.

ಕೊನೆಗೂ ನೀರು ಸರಾಗವಾಗಿ ಇಳಿಯಿತು. ಮಿಸ್ತ್ರಿ ಸಾಮಾನು ಕಟ್ಟುತ್ತಿದ್ದ. ಅವ್ವ ಹಿಟ್ಟು ನಾದಿ, ಸಿಂಕಿನ ಪಕ್ಕದ ಕಲ್ಲಿನ ಮೇಲೆ ಬಡಿಯತೊಡಗಿದಳು. ಎತ್ತರ ಸರಿಯಾಗಿತ್ತು. ಕಲ್ಲು ಅಲ್ಲಾಡಲಿಲ್ಲ. ರೊಟ್ಟಿ ಅಂಗೈ ಅಗಲವಾಗುವಷ್ಟರಲ್ಲಿ ಹರಿದುಹೋಯಿತು. ಮತ್ತೆ ಉಂಡೆ ಮಾಡಿ ಬಡಿದಳು, ಮತ್ತೆ ಹರಿಯಿತು. ಅವಳ ಬೆರಳು ನಡುಗುತ್ತಿರುವುದನ್ನು ಆಗ ನೋಡಿದೆ.

"ಕಟ್ಟಿ ಇನ್ನೂ ಹೆಚ್ಚುಕಮ್ಮಿ ಆಗೇದೇನ್ರಿ?" ಮಿಸ್ತ್ರಿ ಅಂಜುತ್ತ ಕೇಳಿದ.

"ಕಟ್ಟಿ ಸರಿ ಅದಪಾ," ಅವ್ವ ಕೈಯ ಹಿಟ್ಟು ಉದುರಿಸಿದಳು. "ನನ್ನ ಕೈ ಬಡಿಯೂದ ಮರ್ತುಬಿಟ್ಟಾವ."

ಕೂಡಿಸಿಟ್ಟ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಕೈ ಮರೆತದ್ದಕ್ಕೆ ಬೈಯಲು ಯಾರೂ ಇರಲಿಲ್ಲ.