ಲಿಫ್ಟಿನಲ್ಲಿ ಒಂದು ದಿನದ ಅತಿಥಿ

ಚಹಾ ತೆಗೆದುಕೊಂಡು ಹೋದಾಗ ಐದು ಜನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರೋ ಸತ್ತಿರಬೇಕು ಎಂದುಕೊಂಡೆ. ಯಾರೂ ಸತ್ತಿರಲಿಲ್ಲ. ಮಡಗಾಂವಿನಲ್ಲಿ ನಾನು ಕೆಲಸ ಮಾಡುವ ಆ ಐದನೇ ಮಹಡಿಯ ಮನೆಯಲ್ಲಿ ಅವರೆಲ್ಲ ಸೇರಿ ರಾಜರ ಕಾಲದ ಹಳೆಯ ಕಾದಂಬರಿ ಓದುತ್ತಿದ್ದರು. ಅದರಲ್ಲಿ ಅರಮನೆಯ ದಾಸಿಯರು ದೊಡ್ಡ ಮೆಟ್ಟಿಲು ತುಳಿಯುವಂತಿಲ್ಲವಂತೆ, ಹಿತ್ತಲಿನ ಕತ್ತಲೆ ಮೆಟ್ಟಿಲನ್ನೇ ಹತ್ತಬೇಕಂತೆ.

"ಎಂಥಾ ಅನ್ಯಾಯ ನೋಡ ಆಯಿ! ನಿನಗೇನ ಅನಸ್ತದ?" ಎಂದು ಮನೆಯೊಡತಿ ಬಾಯಾರು ನನ್ನನ್ನು ಕೇಳಿದರು.

"ಅರಮನಿಗೆ ಎಷ್ಟ ಮಹಡಿ ಇದ್ವುರೀ?"

"ಎರಡು."

"ಹಂಗಾರ ಆ ದಾಸ್ಯಾರದು ಚಲೋ ಇತ್ತು ಬಿಡ್ರಿ. ನಾ ದಿನಾ ಐದ ಹತ್ತತೇನಿ. ಲಿಫ್ಟಿನ್ಯಾಗ ಕೆಲಸದಾಕಿ, ಕಸದ ಚೀಲ ಬರಬಾರದಂತ ನೀವ ಬೋರ್ಡ್ ಹಾಕೀರಲ್ಲ. ನನ್ನ ಮೊಣಕಾಲು ಹೋಗ್ಯಾವ."

ಐವರೂ ಆ ಕಟ್ಟಡದ ಕಮಿಟಿಯವರೇ. ಚಹಾ ಆರುವವರೆಗೆ ಚರ್ಚೆ ನಡೆಯಿತು. ನಿಯಮ ಬದಲಿಸಲು ಎಲ್ಲ ಮನೆಗಳ ಸಹಿ ಬೇಕಂತೆ. ಅತಿಥಿಗಳಿಗಾದರೆ ಲಿಫ್ಟು ಉಂಟು, ಆದ್ದರಿಂದ ಇವತ್ತಿಗೆ ನಾನು ಅತಿಥಿ ಎಂದು ತೀರ್ಮಾನವಾಯಿತು. ಅತಿಥಿಯ ಕೈಗೆ ಕಸ ಕೊಡುವುದು ಹೇಗೆ? ಬಾಯಾರೇ ಕಸದ ಚೀಲ ಹಿಡಿದು ಮೆಟ್ಟಿಲಿಳಿದರು. ನಾನೊಬ್ಬಳೇ ಲಿಫ್ಟಿನಲ್ಲಿ ಇಳಿದು, ಅವರು ಏದುಸಿರು ಬಿಡುತ್ತಾ ಬರುವವರೆಗೆ ಕೆಳಗೆ ಕಾದು ನಿಂತೆ.

ಮರುದಿನ ಬೋರ್ಡು ಹಾಗೆಯೇ ಇತ್ತು. ನಾನು ಕೆಳಗಿನಿಂದಲೇ ತಿರುಗಿ ಬಂದೆ. ಬಾಯಾರು ದಿನಾ ಫೋನ್ ಮಾಡುತ್ತಾರೆ. ಮೊದಲು ಸಹಿಗಳಾಗಲಿ, ಆಮೇಲೆ ಬರುತ್ತೇನೆ ಎಂದಿದ್ದೇನೆ. ಸಿಂಕಿನಲ್ಲಿ ಪಾತ್ರೆ ಹೆಚ್ಚಾದಂತೆ ಸಹಿಗಳೂ ಹೆಚ್ಚಾಗುತ್ತಿವೆಯಂತೆ.